ಸಹಾಯ ಬೇಡ ಎಂದ ಮನೆ

ಬಾಣಸವಾಡಿಯ ಅಮ್ಮನವರ ಗುಡಿಯ ತಿರುವಿನಲ್ಲಿ ಹುಡುಗರು ಕಟ್ಟುತ್ತಿದ್ದ ಫ್ಲೆಕ್ಸ್ ನೋಡಿ ಭವ್ಯಳ ಮೈಯೆಲ್ಲ ಉರಿದುಹೋಯಿತು. ‘ಅಮೆರಿಕಾಕ್ಕೆ ಹೊರಟ ನಮ್ಮೂರ ಹೆಮ್ಮೆಯ ಮಗಳು’ ಎಂದು ಕೆಂಪಕ್ಷರ. ಅವಳ ಫೋಟೋ ಆಧಾರ್ ಕಾರ್ಡಿನದು, ಯಾರೋ ಹಿಂದಿನಿಂದ ಬಂದು ಹೆದರಿಸಿದಂತಿತ್ತು. ಸುತ್ತಲೂ ಯುವಕರ ಸಂಘದ ಗಂಡಸರ ಮುಖಗಳು, ಕೈ ಮುಗಿದವು, ಮೀಸೆ ತಿರುವಿದವು. ಸಂಘದ ಅಧ್ಯಕ್ಷ ಪ್ರೇಮ್‌ಕುಮಾರ್ ಅಂತೂ ಕಪ್ಪು ಕನ್ನಡಕ ಹಾಕಿಕೊಂಡು ಅವಳ ಎರಡರಷ್ಟು ದೊಡ್ಡದಾಗಿ ನಿಂತಿದ್ದ. ಅಮೆರಿಕಾಕ್ಕೆ ಹೊರಟವನು ಅವನೇ ಎನ್ನಬೇಕು.

ಹೆಮ್ಮೆಯ ಮಗಳು ಎಲ್ಲಿಗೂ ಹೊರಟಿರಲಿಲ್ಲ. ಹೊರಡುವ ದಾರಿಯನ್ನು ಅವಳ ಅಪ್ಪನೇ ಮುಚ್ಚಿಬಿಟ್ಟಿದ್ದ. ಅದು ಅವಳಿಗೆ ಗೊತ್ತಾದದ್ದು ಈ ಬೆಳಗ್ಗೆ.

ಅವಳು ಓದಬೇಕೆಂದಿದ್ದುದು ಭಾಷಾಶಾಸ್ತ್ರ. ಮನೆಯಲ್ಲಿ ತೆಲುಗು ಬೆರೆತ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಹಿಂದಿನ ಗಲ್ಲಿಯಲ್ಲಿ ದಖನಿ ಉರ್ದು ಕೇಳಿಕೊಂಡು ಬೆಳೆದವಳಿಗೆ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೇಗೆ ದಾಟುತ್ತದೆ ಎನ್ನುವುದೇ ಒಂದು ಹುಚ್ಚು. ಇದಕ್ಕೆಲ್ಲ ಅಮೆರಿಕಾ ಯಾಕಮ್ಮಾ, ಶಿವಾಜಿನಗರ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತರೆ ಸಾಲದಾ ಎಂದು ನೆಂಟರು ನಗಾಡುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು ಮತ್ತೆ ಫೋನಿನಲ್ಲಿ ತಲೆ ಹುದುಗಿಸುತ್ತಿದ್ದಳು.

ಇಡೀ ವರ್ಷ ಅವಳು ಹುಡುಕಿದ್ದು ಒಂದನ್ನೇ: ಹೊರದೇಶದಿಂದ ಬರುವ ಮಕ್ಕಳಿಗೂ ಹಣದ ಸಹಾಯ ಕೊಡುವ ಕಾಲೇಜು. ಆ ಗೋಳು ಹುಡುಕಿದವರಿಗೇ ಗೊತ್ತು. ಹೆಚ್ಚಿನವು ತಮ್ಮ ದೇಶದವರಿಗಷ್ಟೇ ಕೊಡುತ್ತವೆ, ಆದರೆ ಆ ಮಾತನ್ನು ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಕೆಲವು ಫೀಜಿನಲ್ಲಿ ಚೂರು ಬಿಟ್ಟು ಅದನ್ನೇ ಸ್ಕಾಲರ್‌ಶಿಪ್ ಎಂದು ಡಂಗುರ ಸಾರುತ್ತವೆ. ಸಹಾಯ ಕೇಳಿದರೆ ಸೀಟು ಸಿಗುವುದು ಕಷ್ಟ ಎಂದು ಇನ್ನು ಕೆಲವು ಒಪ್ಪಿಕೊಳ್ಳುತ್ತವೆ. ಕೇಳಿದವರನ್ನೂ ಕೇಳದವರನ್ನೂ ಒಂದೇ ಕಣ್ಣಿನಿಂದ ನೋಡಿ, ಮನೆಯವರ ಕೈಲಾಗದ್ದನ್ನೆಲ್ಲ ತಾವೇ ತುಂಬಿಕೊಡುವಂಥವು ಬೆರಳೆಣಿಕೆಯಷ್ಟು. ಅಂಥದೊಂದನ್ನು ಭವ್ಯ ಹುಡುಕಿ ತೆಗೆದಳು. ಹಿಮ ಬೀಳುವ ಊರಿನ ಸಣ್ಣ ಕಾಲೇಜು. ಸಹಾಯ ಬೇಕೇ ಎಂಬ ಪ್ರಶ್ನೆಗೆ ‘ಬೇಕು’ ಎಂದು ಗುರುತು ಹಾಕಿ, ಅರ್ಜಿ ಮುಗಿಸಿ, ಇಂದಿರಾನಗರದ ಕನ್ಸಲ್ಟೆನ್ಸಿಯವರ ಕೈಗೆ ಬಿಟ್ಟಳು.

ಕನ್ಸಲ್ಟೆನ್ಸಿಯೇ ಬೇಡ ಎಂದು ಅವಳು ಹೇಳಿದ್ದಳು. ಅಪ್ಪ ಮುನಿಆಂಜನಪ್ಪ ಕೇಳಲಿಲ್ಲ. ದೊಡ್ಡವರ ಮಕ್ಕಳೆಲ್ಲ ಅಲ್ಲಿಂದಲೇ ಹೋಗುವುದು ಎಂದ. ಆ ಆಫೀಸಿನ ಪದ್ಧತಿ ಏನೆಂದರೆ, ಅರ್ಜಿ ಮಕ್ಕಳದು, ಪಾಸ್‌ವರ್ಡ್ ಅವರದು. ಕಳಿಸುವ ಗುಂಡಿ ಒತ್ತುವವರೂ ಅವರೇ.

ಗುರುವಾರ ಸೀಟು ಸಿಕ್ಕಿದ ಪತ್ರ ಬಂತು. ಸಹಾಯದ ಸುದ್ದಿಯೇ ಅದರಲ್ಲಿರಲಿಲ್ಲ. ಭವ್ಯ ಕಾಲೇಜಿಗೆ ಬರೆದು ಕೇಳಿದಳು. ಭಾನುವಾರ ಬೆಳಗ್ಗೆ ನೋಡಿದರೆ ತುಂಬ ಮರ್ಯಾದೆಯ ಉತ್ತರ ಬಂದಿತ್ತು: ನೀವು ಸಹಾಯ ಬೇಡ ಎಂದು ತಿಳಿಸಿದ್ದೀರಿ, ಅರ್ಜಿಯಲ್ಲಿ ಕೇಳದವರು ನಮ್ಮ ನಿಯಮದಂತೆ ಓದು ಮುಗಿಯುವವರೆಗೂ ಕೇಳುವಂತಿಲ್ಲ. ಅವಳು ತಿಂಡಿಯನ್ನೂ ತಿನ್ನದೆ ಬಸ್ ಹತ್ತಿ ಇಂದಿರಾನಗರಕ್ಕೆ ಹೋದಳು.

‘ನಾನು ಬೇಕು ಅಂತ ಹಾಕಿದ್ದೆ. ಬೇಡ ಅಂತ ಯಾರು ಮಾಡಿದ್ದು?’

ಕನ್ಸಲ್ಟೆನ್ಸಿಯ ಆನಂದ್ ಕಾಫಿ ಕುಡಿಯುತ್ತಿದ್ದ. ‘ಸಬ್ಮಿಟ್ ಮಾಡೋಕೆ ಮುಂಚೆ ಪೇರೆಂಟ್ಸನ್ನ ಕೇಳ್ತೀವಮ್ಮ. ನಿಮ್ಮ ಫಾದರ್‌ಗೆ ಫೋನ್ ಮಾಡ್ದೆ, ಬೇಡ ಅಂದ್ರು. ಸ್ವಂತ ಖರ್ಚು ಅಂದ್ರೆ ಸೀಟು ಈಸಿ. ನಾನೂ ಒಳ್ಳೇದೇ ಆಯ್ತು ಅಂದೆ.’

‘ಈ ಕಾಲೇಜಲ್ಲಿ ಕೇಳಿದ್ರೂ ಸೀಟು ಕೊಡ್ತಾರೆ. ಅದಕ್ಕೇ ತಾನೇ ನಾನು ಇದನ್ನ ಆರಿಸಿದ್ದು. ಅವರ ನಿಯಮ ಓದಿದ್ರಾ ನೀವು?’

ಓದಿರಲಿಲ್ಲ. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ‘ಆಫರ್ ಬಂತಲ್ಲ, ಬಿಡಿ. ಒಂದು ಒಳ್ಳೇ ಫೋಟೋ ಕಳ್ಸಿ, ಗೋಡೆಗೆ ಹಾಕ್ಬೇಕು,’ ಎಂದು ಹಿಂದಿನ ಗೋಡೆ ತೋರಿಸಿದ. ಅಲ್ಲಿ ನಗುವ ಮಕ್ಕಳ ಸಾಲು. ಆ ಗೋಡೆಯನ್ನೇ ಕಿತ್ತು ಅವನ ತಲೆಯ ಮೇಲೆ ಹಾಕಬೇಕು ಅನ್ನಿಸಿತು ಭವ್ಯಳಿಗೆ. ಎದ್ದು ಬಂದಳು. ಬರುವಾಗಲೇ ತಿರುವಿನಲ್ಲಿ ಆ ಫ್ಲೆಕ್ಸ್ ಕಂಡದ್ದು.

ಮನೆಯಲ್ಲಿ ಮುನಿಆಂಜನಪ್ಪ ಇಸ್ತ್ರಿಯ ಬಿಳಿ ಷರಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಸಂಜೆ ಗುಡಿಯ ಮುಂದೆ ಮಗಳಿಗೆ ಸನ್ಮಾನ.

‘ಅಪ್ಪ, ಸಹಾಯ ಬೇಡ ಅಂತ ನೀನೇ ಹೇಳಿದ್ಯಾ?’

‘ಹೂಂ, ಹೇಳ್ದೆ. ಅದಕ್ಕೆ ತಾಲ್ಲೂಕು ಆಫೀಸಿಂದ ಆದಾಯ ಪತ್ರ ತರ್ಬೇಕಂತೆ. ನಾನು ಕೆ.ಆರ್. ಪುರಕ್ಕೆ ಹೋಗಿ ಸಾಲಲ್ಲಿ ನಿಂತ್ಕೊಂಡು, ನಮ್ಮನೇಲಿ ಏನೂ ಇಲ್ಲ ಅಂತ ಬರೆಸ್ಕೊಂಡ್ ಬರ್ಲಾ? ಅಲ್ಲಿ ಪ್ಯೂನ್‌ನಿಂದ ಹಿಡ್ದು ಎಲ್ರಿಗೂ ನನ್ನ ಗುರುತಿದೆ. ಊರಿಗೆ ಕೊಟ್ಟ ಮನೆ ನಮ್ದು. ಕೈ ಚಾಚಿದ್ದಿಲ್ಲ.’

‘ದುಡ್ಡೆಲ್ಲಿಂದ ಬರುತ್ತೆ ಅಂದ್ಕೊಂಡಿದ್ದೆ?’

‘ಸೀಟು ಸಿಕ್ಕಿದ್ಮೇಲೆ ಮೆಲ್ಲಗೆ ಕೇಳ್ಬಹುದು ಅಂದ ಆ ಆನಂದ್.’

‘ಕೇಳಂಗಿಲ್ಲ. ನಾಲ್ಕು ವರ್ಷನೂ ಕೇಳಂಗಿಲ್ಲ.’

ಮುನಿಆಂಜನಪ್ಪನ ಕೈ ಷರಟಿನ ಗುಂಡಿಯ ಮೇಲೇ ನಿಂತಿತು. ಕೊಟ್ಟ ಮನೆಯಂತೆ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟಾಗಿ ಎಷ್ಟು ಕಾಲವಾಯಿತು. ಬಂದ ದುಡ್ಡು ಅಣ್ಣತಮ್ಮಂದಿರ ಪಾಲಿನಲ್ಲಿ ಕರಗಿತ್ತು. ಇರುವ ಮನೆ ಕೋರ್ಟಿನಲ್ಲಿತ್ತು, ಮಾರುವ ಹಾಗಿಲ್ಲ. ಹಿಂದಿನ ಕೋಣೆಗಳ ಬಾಡಿಗೆಯಲ್ಲಿ ಒಲೆ ಉರಿಯುತ್ತಿತ್ತು. ಇದು ಗೊತ್ತಿಲ್ಲದವರು ಬೀದಿಯಲ್ಲಿ ಯಾರೂ ಇರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದುಕೊಂಡು ಬದುಕುತ್ತಿದ್ದವನು ಅವನೊಬ್ಬನೇ.

‘ವೀಸಾ ಸಿಗ್ಲಿಲ್ಲ ಅಂದ್ಬಿಡೋಣ,’ ಅಂದ ಕೊನೆಗೆ. ‘ಎಷ್ಟೋ ಜನಕ್ಕೆ ಸಿಗಲ್ಲ. ಅದ್ರಲ್ಲೇನೂ ಅವಮಾನ ಇಲ್ಲ. ಇವತ್ತೊಂದಿನ ಸುಮ್ನೆ ಶಾಲು ಹಾಕಿಸ್ಕೊಂಡು ಬಾ.’

ಅಮ್ಮ ಸುಕನ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ‘ಇವತ್ತೊಂದಿನ ತಡ್ಕೊ ಮಗಳೇ,’ ಎಂದಷ್ಟೇ ಅಂದಳು. ಭವ್ಯಳಿಗೆ ಅಪ್ಪನಿಗಿಂತ ಆ ಮಾತಿನ ಮೇಲೆ ಹೆಚ್ಚು ಸಿಟ್ಟು ಬಂತು. ತಡೆದುಕೊಂಡು ತಡೆದುಕೊಂಡೇ ಈ ಮನೆ ಹೀಗಾಗಿದೆ ಅನ್ನಿಸಿತು.

ಸಂಜೆ ಗುಡಿಯ ಮುಂದೆ ಶಾಮಿಯಾನ, ಕುರ್ಚಿಗಳ ತುಂಬ ಜನ. ಪ್ರೇಮ್‌ಕುಮಾರ್ ಅವಳ ಹೆಗಲಿಗೆ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟ. ಪೇಟ ದೊಡ್ಡದು, ಹುಬ್ಬಿನ ಮೇಲೆ ಜಾರುತ್ತಿತ್ತು. ಮುನಿಆಂಜನಪ್ಪ ವೇದಿಕೆಯ ಕುರ್ಚಿಯಲ್ಲಿ ಎದೆ ಸೆಟೆಸಿ ಕೂತಿದ್ದ. ಆ ಕೂತ ಭಂಗಿಯನ್ನು ನೋಡಿದ ಮೇಲೆ ಅವಳ ಬಾಯಿ ಕಟ್ಟುವವರು ಯಾರೂ ಉಳಿಯಲಿಲ್ಲ.

‘ಎರಡು ಮಾತಾಡಮ್ಮ,’ ಎಂದು ಪ್ರೇಮ್‌ಕುಮಾರ್ ಮೈಕ್ ಕೊಟ್ಟ.

‘ನಾನು ಹೋಗ್ತಿಲ್ಲ,’ ಅಂದಳು ಭವ್ಯ. ‘ಸೀಟು ಸಿಕ್ಕಿದೆ, ನಿಜ. ಕೇಳಿದ್ರೆ ಫೀಜು, ಊಟ, ಹಾಸ್ಟೆಲ್ಲು ಎಲ್ಲ ಕಾಲೇಜೇ ಕೊಡ್ತಿತ್ತು. ನಮ್ಮಪ್ಪ ಬೇಡ ಅಂದ. ನಮ್ಮತ್ರ ದುಡ್ಡಿಲ್ಲ ಅಂತ ನಿಮಗೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ ಅಂತ ಬೇಡ ಅಂದ. ವೀಸಾ ಸಿಗ್ಲಿಲ್ಲ ಅಂತ ನಾಳೆ ನಿಮಗೆ ಹೇಳೋನಿದ್ದ. ಅದು ಸುಳ್ಳು.’

ಈಗ ನಗುತ್ತಾರೆ, ಮೂಗು ಮುರಿಯುತ್ತಾರೆ ಎಂದು ಭವ್ಯ ಕಾದಳು. ನಗಲಿ, ಅದೂ ಒಮ್ಮೆ ಆಗಿಹೋಗಲಿ ಎಂದು ಹಲ್ಲು ಕಚ್ಚಿ ನಿಂತಳು.

ಹಿಂದಿನ ಸಾಲಿನಿಂದ ಇಮಾಮ್ ಬೀ ಎದ್ದು ನಿಂತಳು. ಹಿಂದಿನ ಗಲ್ಲಿಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಮುದುಕಿ. ‘ಊಟಾನೂ ಕೊಡ್ತಾರಾ ಬೇಟಿ?’ ಎಂದು ಕೇಳಿದಳು. ‘ನನ್ನ ಮೊಮ್ಮಗಳು ಪೀಯೂಸಿ ಓದ್ತಾ ಇದಾಳೆ. ನಮ್ಮಂಥೋರು ಕೇಳಿದ್ರೆ ಕೊಡ್ತಾರಾ?’

‘ಹುಡುಗ್ರಿಗೂ ಕೊಡ್ತಾರಾ?’ ಎಂದರು ಇನ್ಯಾರೋ. ‘ಇಲ್ಲಿಂದ್ಲೇ ಅರ್ಜಿ ಹಾಕ್ಬಹುದಾ? ಕನ್ಸಲ್ಟೆನ್ಸಿಗೆ ಹೋಗ್ಲೇಬೇಕಾ?’ ಕುರ್ಚಿಗಳು ಮುಂದೆ ಜರುಗಿದವು. ಕಪ್ಪು ಕನ್ನಡಕದ ಪ್ರೇಮ್‌ಕುಮಾರ್ ಕೂಡ ದನಿ ತಗ್ಗಿಸಿ, ‘ನನ್ನ ಮಗಂಗೆ ಎಪ್ಪತ್ತೆರಡು ಪರ್ಸೆಂಟು, ಆಗುತ್ತಾ?’ ಅಂದ.

ಮುನಿಆಂಜನಪ್ಪ ಎದ್ದು, ‘ಅದೆಲ್ಲ ಆಮೇಲೆ,’ ಎಂದು ಕೈ ಎತ್ತಿದ.

‘ಸ್ವಲ್ಪ ಕೂತ್ಕೊಳ್ಳಿ ಯಜಮಾನ್ರೇ, ಮಗು ಹೇಳ್ಲಿ,’ ಅಂದರು ಜನ.

ಒಬ್ಬರಾದರೂ ನಕ್ಕಿದ್ದರೆ ಭವ್ಯಳಿಗೆ ಸಮಾಧಾನವಾಗುತ್ತಿತ್ತೇನೋ. ಯಾರೂ ನಗಲಿಲ್ಲ. ಇವರಿಗೆ ಹೆದರಿ ತಾನೇ ಅಪ್ಪ ಅವಳ ಓದನ್ನು ಹೂತುಹಾಕಿದ್ದು. ಇವರಿಗೆ ಬೇಕಾಗಿದ್ದುದು ಆ ಸಹಾಯ ಪಡೆಯುವ ದಾರಿ ಮಾತ್ರ. ಸಿಟ್ಟು ಇಳಿಯುವ ಬದಲು ಇನ್ನೂ ಏರಿತು. ಅವಳು ಅಪ್ಪನ ಕಡೆ ತಿರುಗಿದಳು.

‘ಮುಂದಿನ ವರ್ಷ ಬೇರೆ ಕಾಲೇಜುಗಳಿಗೆ ಹಾಕ್ತೀನಿ. ಆದಾಯ ಪತ್ರ ನೀನೇ ತರ್ಬೇಕು. ತರ್ತೀನಿ ಅಂತ ಇವರೆಲ್ಲರ ಮುಂದೆ ಹೇಳು.’ ಮೈಕನ್ನು ಅವನ ಬಾಯಿಗೆ ಹಿಡಿದಳು.

ಮುನಿಆಂಜನಪ್ಪ ಮೈಕ್ ತೆಗೆದುಕೊಂಡ. ಜನರನ್ನೊಮ್ಮೆ ನೋಡಿ ಸ್ವಿಚ್ ಆರಿಸಿದ. ‘ಇಳಿ ಕೆಳಗೆ. ಮನೇಲಿ ಮಾತಾಡೋಣ,’ ಎಂದು ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ.

‘ಕೇಳಿಸ್ತಿಲ್ಲ ಬೇಟಿ,’ ಎಂದಳು ಇಮಾಮ್ ಬೀ.

ಭವ್ಯ ತಲೆಯ ಮೇಲಿನ ಪೇಟ ತೆಗೆದು ಅಪ್ಪನ ಕೈಗಿಟ್ಟಳು. ಅವನು ಹೇಳಿದಂತೆ ಕೆಳಗಿಳಿದಳು, ಆದರೆ ಮನೆಯ ಕಡೆ ಹೋಗಲಿಲ್ಲ. ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು, ಇಮಾಮ್ ಬೀಯ ಪಕ್ಕ ನಿಂತು, ಕೊನೆಯ ಸಾಲಿಗೂ ಕೇಳುವಂತೆ ದನಿ ಎತ್ತಿದಳು.

‘ಮೊದ್ಲು ಇಷ್ಟು ತಿಳ್ಕೊಳ್ಳಿ. ಸಹಾಯ ಬೇಕಾ ಅಂತ ಅವರು ಒಂದೇ ಸಲ ಕೇಳೋದು. ಬೇಕು ಅನ್ನಿ.’