ಹೆಂಗಸರ ಬಾಗಿಲಿನ ಚಿಲಕ

ಮೂಡಲಗಿಯ ನಮ್ಮ ಓಣಿಯ ಟಾಕೀಸನ್ನು ಕೆಡವಿದ ಮೇಲೆ, ವಾಚನಾಲಯದ ಗುರುಲಿಂಗಪ್ಪನವರು ಅದರ ಇತಿಹಾಸ ಬರೆಯಲು ನನಗೆ ಹೇಳಿದರು. ನಾನು ಅಲ್ಲಿ ಆರು ವರ್ಷ ಗೇಟ್‌ಕೀಪರ್ ಆಗಿದ್ದೆ. ಮೂರು ಪುಟ ಸಲೀಸಾಗಿ ಬಂದವು: ತಗಡಿನ ಛಾವಣಿ, ಮುಂದಿನ ಬೆಂಚುಗಳು, ಸಂತೆಯ ದಿನ ಹೊರಗೆ ಬಿಟ್ಟಿರುತ್ತಿದ್ದ ಚಕ್ಕಡಿಗಳು. ನಾಲ್ಕನೆಯ ಪುಟದಲ್ಲಿ ಕೈ ನಿಂತಿತು.

ಟಿಕೆಟಿಲ್ಲದವರು ನುಸುಳಬಾರದೆಂದು, ಇಂಟರ್ವಲ್ ಮುಗಿದ ಕೂಡಲೇ ಹೆಂಗಸರ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಅಲ್ಲಿಯ ರೂಢಿ. ಹಾಕಿದವನು ಆಟ ಬಿಡುವವರೆಗೆ ಅಲ್ಲೇ ಕೂತಿರಬೇಕು. ತೊಂಬತ್ತೆಂಟರ ಒಂದು ಮ್ಯಾಟಿನಿಯಲ್ಲಿ ನಾನು ಚಿಲಕ ಹಾಕಿ, ಗೋಕಾಕದ ಸಂಜೆ ಕಾಲೇಜಿಗೆ ಬಸ್ಸು ಹಿಡಿಯಲು ಓಡಿದೆ. ಪರೀಕ್ಷೆ ಹತ್ತಿರವಿತ್ತು. ಆಮೇಲೆ ಪ್ರೊಜೆಕ್ಟರಿನಲ್ಲಿ ರೀಲು ಸಿಕ್ಕಿ ಸುಟ್ಟು ಹೊಗೆ ಒಳಗೆಲ್ಲ ತುಂಬಿತಂತೆ. ಹೆಂಗಸರು ಬಾಗಿಲಿಗೆ ನುಗ್ಗಿದರು. ಆ ನೂಕಾಟದಲ್ಲಿ ಆಪರೇಟರ್ ರಾಚಪ್ಪನ ಹೆಂಡತಿ ಬಾಳವ್ವನ ಬಲಗೈ ಮುರಿಯಿತು.

ಮಾಲಕರು ಕೇಳಿದಾಗ ನಾನು, ರೀಲು ಬದಲಿಸುವ ನಡುವೆ ಬಾಗಿಲು ನೋಡಿಕೊಳ್ಳಲು ರಾಚಪ್ಪ ಕಾಕಾಗೆ ಹೇಳಿ ಹೋಗಿದ್ದೆ ಎಂದೆ. ಹೇಳಿರಲಿಲ್ಲ. ರಾಚಪ್ಪನವರ ಕೆಲಸ ಹೋಯಿತು. ನನ್ನದು ಉಳಿಯಿತು.

ಈಗ ಇದಷ್ಟನ್ನೂ ಬರೆದೆ. ಅಚ್ಚಾಗುವ ಮೊದಲು ರಾಚಪ್ಪನವರೇ ಓದಲಿ ಎಂದು, ಅವರು ಈಗಿರುವ ತುಕ್ಕಾನಟ್ಟಿಗೆ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಸಲ ಇಳಿದುಬಿಡಲು ಎದ್ದು ಮತ್ತೆ ಕೂತೆ. ಹೊಡೆಯುತ್ತಾರೆಂಬ ಹೆದರಿಕೆಯಲ್ಲ, ಹೊಡೆದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಳವ್ವ ಮನೆಯಲ್ಲಿ ಇರದಿದ್ದರೆ ಸಾಕು ಎನ್ನಿಸುತ್ತಿತ್ತು.

ರಾಚಪ್ಪ ಕಟ್ಟೆಯ ಮೇಲೆ ಕೂತು, ಮೂಗಿಗೆ ಚಾಳೀಸು ಏರಿಸಿ, ಬಹಳ ಹೊತ್ತು ಓದಿದರು.

"ಟಾಕೀಸ್ ಕೆಡವಿದ ಮ್ಯಾಲ ಕದಾ ತಗ್ಯಾಕ ಬಂದೀಯೇನೋ, ಉಮೇಶ?"

"ತಪ್ಪಾತ್ರಿ ಕಾಕಾ. ನಿಮಗ ಗೊತ್ತಿದ್ದೂ ಯಾಕ ಸುಮ್ನಿದ್ರಿ?"

"ಸುಮ್ನ ಎಲ್ಲಿದ್ನೋ? ಊರ ತುಂಬ ಹೇಳಿದೆ. ಕಾಲೇಜ್ ಕಲಿಯೋ ಹುಡುಗ ಸುಳ್ಳ ಹೇಳ್ತಾನೇನು ಅಂದ್ರು. ನಮ್ಮಕಿನೂ ಅದನ್ನ ಅಂದ್ಳು."

ನಾನು ಹಾಳೆಗಳನ್ನು ತಿರುಗಿ ತೆಗೆದುಕೊಂಡೆ. "ಅಚ್ಚಿಗೆ ಕೊಡ್ಲೇನ್ರಿ?"

"ಅದನ್ನ ನನಗ್ಯಾಕ ಕೇಳ್ತಿ?" ಎಂದವರೇ ಒಳಗೆ ಕೂಗಿದರು: "ಏ, ಹೊರಗ ಬಾ ಇಲ್ಲೆ. ಉಮೇಶ ಏನೋ ಓದಿ ತೋರಿಸ್ತಾನಂತ."

ಬಾಳವ್ವ ಬಂದು ಹೊಸ್ತಿಲ ಬಳಿ ಕೂತಳು. ಬಲಗೈ ಮೊಣಕೈಯಿಂದ ಆಚೆಗೆ ಸೊಟ್ಟಗೆ ನಿಂತಿತ್ತು.

"ಓದಪಾ. ಕದಾ ಮರತು ಕುಂತ ಶಾಣ್ಯಾನ ಕತಿನೂ ಬರದೀಯಿಲ್ಲೋ?" ಎಂದು ಗಂಡನ ಕಡೆ ಕೈ ಮಾಡಿ ನಕ್ಕಳು.

ನಾನು ಮೊದಲ ಪುಟದಿಂದ ಶುರು ಮಾಡಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ರಾಚಪ್ಪ ಪುಟಗಳನ್ನು ತಿರುವಿ ನಾಲ್ಕನೆಯದರ ಮೇಲೆ ಬೆರಳಿಟ್ಟರು. "ತಗಡ ಬಿಡು. ಇಲ್ಲಿಂದ ಓದು."

'ಚಿಲಕ ಹಾಕಿ ಹೋದವನು ನಾನು. ರಾಚಪ್ಪನವರಿಗೆ ಹೇಳಿರಲಿಲ್ಲ.'

ಬಾಳವ್ವನ ನಗು ನಿಂತಿತು. ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದೆ. ಕಣ್ಣೆತ್ತಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಮ್ಮಿ ಓದು," ಎಂದಳು.