ಹಿಂದಿನ ಸಾಲಿನ ಮೂಲೆ

ನನ್ನನ್ನು ಹಿಂದಿನ ಸಾಲಿನ ಮೂಲೆಗೆ ತಳ್ಳಿದವರು ಗೆಂಗ್ ಮೇಷ್ಟ್ರು. ಕೈಫೆಂಗ್‌ನಲ್ಲಿ ನಮ್ಮ ಕೆರೆದಂಡೆಯ ಪಾರ್ಕಿನಲ್ಲಿ ಬೆಳಗಿನ ಆರಕ್ಕೆ ತೈಚಿ ವ್ಯಾಯಾಮ ಕಲಿಸುವವರು ಅವರೇ. ಪಾರ್ಶ್ವವಾಯು ಹೊಡೆದ ಮೇಲೆ ನನ್ನ ಎಡಗೈ ಎದೆಮಟ್ಟ ದಾಟಿ ಮೇಲೇಳುವುದಿಲ್ಲ. ಡಾಕ್ಟರು ಮೈ ಆಡಿಸಿ ಎಂದರು, ಗಂಡ ಸುಮ್ಮನೆ ಕೂತಿರು ಎಂದ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ನಿಂತೇ ದುಡಿದವಳು ನಾನು. ಕುರ್ಚಿಯಲ್ಲಿ ಕೂತು ಕೂತು ಸತ್ತರೆ ಸಾಕು ಎನಿಸತೊಡಗಿತ್ತು. ಅದಕ್ಕೇ ಬಂದೆ.

ಹೊಸಬರನ್ನು ನಡುವೆ ನಿಲ್ಲಿಸುವುದು ವಾಡಿಕೆ. ಯಾವ ಕಡೆ ತಿರುಗಿದರೂ ಮುಂದೆ ಪಳಗಿದವರೊಬ್ಬರು ಇರುತ್ತಾರೆ, ನೋಡಿಕೊಂಡು ಮಾಡಬಹುದು. ಆದರೆ ಜಿಲ್ಲಾ ಸ್ಪರ್ಧೆ ಹತ್ತಿರ ಬಂದಿತ್ತು, ಮೇಷ್ಟ್ರಿಗೆ ಸಾಲು ಅಚ್ಚುಕಟ್ಟಾಗಿ ಕಾಣಬೇಕಿತ್ತು.

"ಮುಂದಿನವರ ಕೈ ಎಲ್ಲಿರತ್ತೋ ನಿಮ್ಮ ಕೈನೂ ಅಲ್ಲೇ ಇರ್ಬೇಕು. ಒಂದು ಬೆರಳೂ ಹೆಚ್ಚುಕಮ್ಮಿ ಆಗ್ಬಾರ್ದು," ಎಂಬುದು ಅವರ ಕಟ್ಟಪ್ಪಣೆ. ನನಗೆ ಮಾತ್ರ ಬೇರೆ. "ಸುಚಿನ್ ಅಕ್ಕ, ಕೈ ಎತ್ತಿ. ಆಗಲ್ವಾ? ಹಾಗಾದ್ರೆ ಹಿಂದೆ ಹೋಗಿ ನಿಂತ್ಕೊಳ್ಳಿ."

ಅಭ್ಯಾಸ ಅರ್ಧಕ್ಕೆ ಬಂದಾಗ ಎಲ್ಲರೂ ಹಿಂದಕ್ಕೆ ತಿರುಗುತ್ತಾರೆ, ಹಿಂದಿನ ಸಾಲೇ ಮುಂದಾಗುತ್ತದೆ, ಮೂಲೆಯವರೇ ಆಗ ದಾರಿ ತೋರಿಸಬೇಕು. ಸಿಟ್ಟಿನಲ್ಲಿ ಮೇಷ್ಟ್ರು ಅದನ್ನು ಮರೆತಿದ್ದರು. ನನಗೆ ಗೊತ್ತೇ ಇರಲಿಲ್ಲ. ತಿರುಗಿ ನೋಡಿದರೆ ಮುಂದೆ ಕೆರೆ ಬಿಟ್ಟು ಬೇರೇನಿಲ್ಲ. ಕಂಬದಂತೆ ನಿಂತೆ. ತಿರುಗಿದ್ದರಿಂದ ನನ್ನ ಹಿಂದಾಗಿದ್ದ ಗೆಳತಿ ಲಾನ್‌ಯಿಂಗ್ ಬಂದು ಡಿಕ್ಕಿ ಹೊಡೆದಳು, ಅವಳಿಗೆ ಇನ್ನೊಬ್ಬಳು.

"ಮನೇಲಿ ಕೂತು ಟಿವಿ ನೋಡಿ ಅಕ್ಕ. ಇದು ನಿಮ್ಮ ಕೈಲಾಗೋದಲ್ಲ," ಎಂದರು ಮೇಷ್ಟ್ರು, ಎಲ್ಲರೆದುರಿಗೇ. ಮೈಯೆಲ್ಲ ಉರಿದುಹೋಯಿತು.

"ಟಿವಿ ಕೆಟ್ಟಿದೆ," ಎಂದೆ. ಕೆಟ್ಟಿರಲಿಲ್ಲ.

ಹದಿನೈದು ದಿನ ಅಡುಗೆಮನೆಯಲ್ಲಿ ಆ ತಿರುವಿನ ನಂತರದ್ದಷ್ಟನ್ನೇ ಕಲಿತೆ. ಬೆಳಿಗ್ಗೆ ಒಲೆ ಹಚ್ಚುತ್ತಿರಲಿಲ್ಲ, ಗಂಡ ಮೆಣಸಿನ ಸೂಪನ್ನು ಬೀದಿಯಂಗಡಿಯಲ್ಲೇ ಕುಡಿದು ಬರುತ್ತಿದ್ದ. ಸಂಜೆ ಲಾನ್‌ಯಿಂಗ್ ಬಂದು ಹೇಳಿಕೊಡುತ್ತಿದ್ದಳು. "ಕೈ ಚಿಂತೆ ಬಿಡು ಮಾರಾಯ್ತಿ, ಕಾಲು ನೋಡ್ಕೋ."

ಹದಿನಾರನೆಯ ಬೆಳಿಗ್ಗೆ ಹೋಗಿ ಅದೇ ಮೂಲೆಯಲ್ಲಿ ನಿಂತೆ.

"ನಡುವೆ ಬನ್ನಿ," ಎಂದರು ಮೇಷ್ಟ್ರು.

"ನೀವೇ ಕೊಟ್ಟ ಜಾಗ, ಬಿಡಲ್ಲ. ಇವತ್ತು ತಪ್ಪಿದ್ರೆ ನಾಳೆಯಿಂದ ಈ ಕಡೆ ತಲೇನೂ ಹಾಕಲ್ಲ."

ಆಡಿದ ಮಾತನ್ನು ನುಂಗುವವಳಲ್ಲ ನಾನು.

ತಿರುವು ಬಂತು, ಕೆರೆ ಎದುರಾಯಿತು. ಹೆಜ್ಜೆ ಇಟ್ಟೆ, ಸೊಂಟ ತಿರುಗಿಸಿದೆ, ಹಣೆಮಟ್ಟಕ್ಕೆ ಏಳಬೇಕಾದ ಎಡಗೈಯನ್ನು ಎದೆಮಟ್ಟಕ್ಕೆ ತಂದು ನಿಲ್ಲಿಸಿದೆ. ಯಾರೂ ಡಿಕ್ಕಿ ಹೊಡೆಯಲಿಲ್ಲ. ಆ ಭಂಗಿಯಲ್ಲಿ ಮೂರು ಉಸಿರಿನಷ್ಟು ಹೊತ್ತು ನಿಲ್ಲಬೇಕು. ಎರಡನೆಯ ಉಸಿರಿಗೆ ಕದ್ದು ಹಿಂದೆ ನೋಡಿದೆ. ಮೂವತ್ತು ಎಡಗೈಗಳು ಎದೆಮಟ್ಟದಲ್ಲೇ ನಿಂತಿದ್ದವು, ಒಂದು ಬೆರಳೂ ಹೆಚ್ಚಿಲ್ಲ. ಎಲ್ಲರಿಗಿಂತ ಹಿಂದೆ ಮೇಷ್ಟ್ರು, ಅವರದೂ ಅಲ್ಲೇ.

"ಮೇಷ್ಟ್ರೇ, ಕೈ ಎತ್ತಿ," ಎಂದೆ.

"ಮುಂದಿನವರು ಎತ್ತಲಿ," ಎಂದರು ಅವರು, ಕೆರೆಯನ್ನೇ ನೋಡುತ್ತ.