ಇಲ್ಲ ಎಂಬ ಉತ್ತರ

ನನ್ನ ಗಂಡನ ಕೈ ಸುಮ್ಮನಿರುವುದಿಲ್ಲ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಮನೆಗೇ ಒಂದು ಡಿಎನ್‌ಎಸ್ ಸರ್ವರ್ ಮಾಡಿಕೊಂಡರು. ಜಾಲತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಯಂತ್ರ. ಒಮ್ಮೆ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಂಡು, ಮತ್ತೆ ಕೇಳಿದರೆ ಹೊರಗೆ ವಿಚಾರಿಸದೆ ತಕ್ಷಣ ಹೇಳುತ್ತದೆ. "ಇನ್ಮೇಲೆ ನೆಟ್ ಹೇಗೆ ಓಡುತ್ತೆ ನೋಡ್ತಿರು," ಎಂದು ಮೀಸೆ ತಿರುವಿದರು. ಮೀಸೆಯೇ ಇಲ್ಲ, ಆ ಮಾತು ಬೇರೆ.

ನನ್ನ ತಂಗಿ ಗಂಡನಿಂದ ಬೇರೆಯಾಗಿ ನಮ್ಮಲ್ಲಿದ್ದಳು. ಐದು ವರ್ಷದ ಮಗ ಅಪ್ಪನ ಬಳಿ. ವಾರಕ್ಕೆ ಅರ್ಧ ಗಂಟೆ ಮಗನನ್ನು ವಿಡಿಯೊದಲ್ಲಿ ನೋಡಬಹುದೆಂದು ಕೋರ್ಟು ಹೇಳಿ, ಅದಕ್ಕೆಂದೇ ಹೊಸ ಜಾಲತಾಣದ ಹೆಸರು ಕಳಿಸಿತ್ತು. ಶನಿವಾರ ಬೆಳಿಗ್ಗೆ ತೆರೆಯುತ್ತದೆ ಎಂದಿತ್ತು. ಇವರಿಗೆ ತಡೆಯಬೇಕಲ್ಲ, ಶುಕ್ರವಾರ ಸಂಜೆಯೇ ಹಾಕಿ ನೋಡಿದರು. ಅಂಥ ಹೆಸರೇ ಇಲ್ಲ ಎಂದು ಬಂತು.

ಶನಿವಾರ ತಂಗಿ ತಲೆ ಬಾಚಿಕೊಂಡು, ಮಗನಿಗಿಷ್ಟವಾದ ಹಳದಿ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತಳು. ಆಗಲೂ ಇಲ್ಲ ಎಂದೇ ಬಂತು. ಮತ್ತೆ ಮತ್ತೆ ಒತ್ತಿದಳು.

"ಕೋರ್ಟಿನವರೇ ಇನ್ನೂ ತೆರೆದಿಲ್ಲಮ್ಮ. ಅವರ ಕೆಲಸ ಗೊತ್ತಲ್ಲ," ಎಂದರು ಇವರು.

"ನನ್ನ ಫೋನಲ್ಲೂ ಬರ್ತಿಲ್ಲ ಭಾವ."

ಅವಳ ಫೋನೂ ಮನೆಯ ವೈಫೈಯಲ್ಲೇ ಇತ್ತು. ಕಾದು ಕಾದು ತಂಗಿಯ ವಕೀಲರಿಗೆ ಫೋನ್ ಮಾಡಿದೆ. "ಹುಡುಗ ಇಲ್ಲಿ ಕೋರ್ಟಿನ ಕೋಣೇಲಿ ಅಷ್ಟೊತ್ತಿಂದ ಕೂತಿದ್ದಾನೆ. ನೀವೆಲ್ಲಿ?" ಎಂದರು. ವೈಫೈ ಆರಿಸಿ ನನ್ನ ಫೋನಿನ ಡೇಟಾದಲ್ಲಿ ಹಾಕಿದೆ. ಥಟ್ಟನೆ ತೆರೆಯಿತು. ಅಲ್ಲೊಂದು ಖಾಲಿ ಕುರ್ಚಿ ಕಂಡಿತು. ಅಷ್ಟರಲ್ಲಿ ಸಮಯ ಮುಗಿದು ಹುಡುಗನನ್ನು ಕರೆದೊಯ್ದಿದ್ದರು.

ಇವರ ಮುಖ ಇಳಿದುಹೋಯಿತು. "ಇಲ್ಲ ಅನ್ನೋ ಉತ್ತರಾನೂ ಅದು ನೆನಪಿಟ್ಕೊಳ್ಳುತ್ತೆ ಕಣೇ. ಬೇಗ ಆಗ್ಲಿ ಅಂತ ನಾನೇ ಅದು ಒಂದಿಡೀ ದಿನ ಮರೀದ ಹಾಗೆ ಇಟ್ಟಿದ್ದೆ. ನಿನ್ನೆ ಸಿಕ್ಕಿದ್ದನ್ನೇ ಇವತ್ತೂ ಹೇಳ್ತಿತ್ತು."

"ನಿಮ್ಮ ಬೇಗಕ್ಕಿಷ್ಟು ಬೆಂಕಿ ಹಾಕ," ಎಂದೆ.

ತಂಗಿ ನನ್ನ ಕೈ ಹಿಡಿದಳು. "ಬಿಡಕ್ಕ. ಭಾವ ಬೇಕಂತ ಮಾಡಿದ್ರಾ?"

ಇವರು ಒಂದೇ ಸಾಲು ಟೈಪ್ ಮಾಡಿ ಸರ್ವರಿನ ನೆನಪನ್ನೆಲ್ಲ ಅಳಿಸಿದರು. ಅಷ್ಟು ಸುಲಭ.

ಮುಂದಿನ ಶನಿವಾರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪುಟ ಬಂತು. ಕುರ್ಚಿ ಖಾಲಿಯೇ ಇತ್ತು. ತಂಗಿಯ ಅತ್ತೆ ಬಗ್ಗಿ ಮುಖ ತೋರಿಸಿದರು.

"ಕಾರಿಂದ ಇಳೀತಾನೇ ಇಲ್ಲಮ್ಮ. ಅಮ್ಮ ಬಂದಿದ್ದಾಳೆ ಅಂದ್ರೆ, ಇಲ್ಲ, ಅಮ್ಮ ಬರಲ್ಲ ಅಂತಾನೆ. ಎಷ್ಟು ಕೇಳಿದ್ರೂ ಅದೇ."

ತಂಗಿ ಹಳದಿ ಅಂಗಿಯ ತೋಳು ಸರಿಮಾಡಿಕೊಂಡಳು. "ಮತ್ತೊಂದ್ಸಲ ಹೇಳಿ ನೋಡಿ ಅತ್ತೆ," ಎಂದಳು. ಅರ್ಧ ಗಂಟೆ ಮುಗಿಯುವವರೆಗೂ ಅದನ್ನೇ ಹೇಳುತ್ತಿದ್ದಳು.